ಹಚ್ಚಿದ ಮದ್ದು ಎಲ್ಲಿಗೆ ಹೋಗುತ್ತದೆ?

(ಗಿರಣಿ ಕಾರ್ಮಿಕರ ಸಂಘದ ಕಚೇರಿಯಲ್ಲಿ ಕಳೆದ ಭಾನುವಾರ ಸಂಜೆ ಊರಿನ ಔಷಧಿ ವ್ಯಾಪಾರಿಯೊಬ್ಬರು ಮಾಡಿದ ಭಾಷಣ)



ಭಾಷಣ ನನ್ನ ಕಸುಬಲ್ಲ. ಮೂವತ್ತು ವರ್ಷಗಳಿಂದ ಔಷಧಿ ಅಂಗಡಿಯಲ್ಲಿ ನಿಂತು ಚೀಟಿ ನೋಡಿ ಮದ್ದು ಕೊಡುತ್ತಾ ಬಂದವನು ನಾನು. ಸಂಘದ ಕಾರ್ಯದರ್ಶಿಗಳು ಬಂದು, "ನಮ್ಮವರು ತೊಡೆಸಂದು, ಸೊಂಟ ಕೆರೆದುಕೊಂಡು ಸಾಕಾಗಿದ್ದಾರೆ, ಎಷ್ಟು ಮುಲಾಮು ಹಚ್ಚಿದರೂ ಹೋದಂತೆ ಮಾಡಿ ಮತ್ತೆ ಬರುತ್ತದೆ, ಇದೇಕೆಂದು ನಾಲ್ಕು ಮಾತು ಹೇಳಿ" ಎಂದರು. ಒಪ್ಪಿಕೊಂಡೆ. ಒಪ್ಪಲು ನನ್ನದೇ ಆದ ಇನ್ನೊಂದು ಕಾರಣವೂ ಉಂಟು. ಅದನ್ನು ಮಾತಿನ ನಡುವೆ ತಮ್ಮ ಮುಂದಿಡುತ್ತೇನೆ.

ಹುಳುವಿಲ್ಲದ ಹುಳುಕಡ್ಡಿ

ಈ ರೋಗವನ್ನು ನಮ್ಮಲ್ಲಿ ಕೆಲವರು ಹುಳುಕಡ್ಡಿ ಎನ್ನುತ್ತಾರೆ, ಕೆಲವರು ಗಜಕರ್ಣ ಎನ್ನುತ್ತಾರೆ. ಇಂಗ್ಲಿಷಿನವರೂ ಹುಳುವೆಂದೇ ಭಾವಿಸಿ ರಿಂಗ್‌ವರ್ಮ್ ಎಂದು ಹೆಸರಿಟ್ಟರು. ಆದರೆ ಇದರಲ್ಲಿ ಹುಳುವೆಂಬುದೇ ಇಲ್ಲ. ಮಳೆಗಾಲದಲ್ಲಿ ಚಪ್ಪಲಿಯ ಮೇಲೆ, ಹಳೆಯ ರೊಟ್ಟಿಯ ಮೇಲೆ ಬೆಳೆಯುತ್ತದಲ್ಲ, ಆ ಬೂಷ್ಟಿನ ಬಳಗದ್ದೇ ಇದು. ಶಾಸ್ತ್ರದಲ್ಲಿ ಶಿಲೀಂಧ್ರವೆನ್ನುತ್ತಾರೆ. ಕೂದಲು, ಉಗುರು ಮತ್ತು ಚರ್ಮದ ಮೇಲುಪದರ ಇವೆಲ್ಲ ಕೆರಾಟಿನ್ ಎಂಬ ಪದಾರ್ಥದಿಂದ ಆದವು. ಆ ಕೆರಾಟಿನ್ನೇ ಈ ಬೂಷ್ಟಿನ ಅನ್ನ.

ಇದಕ್ಕೆ ಬೇಕಾದುದು ಸೆಕೆ, ಬೆವರು, ಒದ್ದೆ ಬಟ್ಟೆ. ನೂಲು ಹರಿಯದಿರಲೆಂದು ನೂಲುವ ವಿಭಾಗದಲ್ಲಿ ಗಾಳಿಯನ್ನು ತೇವವಾಗಿ ಇಡುತ್ತಾರೆಂಬುದು ತಮಗೆ ನಾನು ಹೇಳಬೇಕಾದುದಲ್ಲ. ನೂಲಿಗೆ ಹಿತವಾದ ಹವೆ ಬೂಷ್ಟಿಗೂ ಹಿತವೇ. ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವ ಸಂಗಾತಿಗಳ ಪಾಡೂ ಅಷ್ಟೆ. ಆದುದರಿಂದ ಇದು ಕೊಳಕು ಜನರ ರೋಗವೆಂದು ನಾಚುವ ಕಾರಣವಿಲ್ಲ. ನಾಚಿ ಮುಚ್ಚಿಟ್ಟುಕೊಂಡಷ್ಟೂ ಅದು ಮನೆಯವರಿಗೆಲ್ಲ ಹಬ್ಬುತ್ತದೆ.

ಇಟ್ಟಿಗೆ ಮತ್ತು ಗಾರೆ

ಬೂಷ್ಟನ್ನು ಕೊಲ್ಲುವ ಮದ್ದಿಗೆ ಇಂದು ಕೊರತೆಯಿಲ್ಲ. ಕ್ಲೋಟ್ರಿಮಜೋಲ್, ಮೈಕೊನಜೋಲ್, ಟರ್ಬಿನಾಫಿನ್, ಲುಲಿಕೊನಜೋಲ್ ಎಂದು ಟ್ಯೂಬಿನ ಮೇಲೆ ಹೆಸರುಗಳನ್ನು ತಾವು ಓದಿದ್ದೀರಿ. ಹಾಗಾದರೆ ರೋಗವೇಕೆ ಹೋಗುವುದಿಲ್ಲ? ಮದ್ದು ಟ್ಯೂಬಿನಲ್ಲಿರುವುದು ಒಂದು ಮಾತು, ಬೂಷ್ಟು ಇರುವ ಜಾಗಕ್ಕೆ ಮುಟ್ಟುವುದು ಇನ್ನೊಂದು ಮಾತು. ನಡುವೆ ಒಂದು ಗೋಡೆಯಿದೆ.

ನಮ್ಮ ಚರ್ಮದ ತೀರ ಮೇಲಿನ ಪದರ ಸತ್ತ ಜೀವಕೋಶಗಳದು. ಕೈ, ಹೊಟ್ಟೆಗಳ ಮೇಲೆ ಅದರ ದಪ್ಪ ಒಂದು ಕೂದಲಿನ ದಪ್ಪದ ಕಾಲು ಭಾಗದಷ್ಟು. ಆದರೆ ಅಷ್ಟರಲ್ಲೇ ಹದಿನೈದು ಇಪ್ಪತ್ತು ಸಾಲು ಕೋಶಗಳು ಒಂದರ ಮೇಲೊಂದು ಕೂತಿವೆ. ಕೋಶಗಳು ಇಟ್ಟಿಗೆ, ನಡುವೆ ತುಂಬಿದ ಜಿಡ್ಡು ಗಾರೆ. ನೀರು, ಧೂಳು, ವಿಷ ಯಾವುದೂ ಒಳಗೆ ಬಾರದಂತೆ, ಒಳಗಿನ ನೀರು ಆರಿಹೋಗದಂತೆ ಈ ಗೋಡೆ ಕಾಯುತ್ತದೆ. ಮದ್ದನ್ನೂ ಅದು ಹೊರಗಿನದೆಂದೇ ತಡೆಯುತ್ತದೆ. ಅಂಗಾಲಿನಲ್ಲಿ ಈ ಗೋಡೆ ಹಲವು ಪಟ್ಟು ದಪ್ಪ.

ಹುಳುಕಡ್ಡಿಯ ಬೂಷ್ಟು ಸಾಮಾನ್ಯವಾಗಿ ಗೋಡೆಯನ್ನು ದಾಟಿ ಒಳಗೆ ಹೋಗುವುದಿಲ್ಲ. ಗೋಡೆಯೊಳಗೇ, ಇಟ್ಟಿಗೆಯನ್ನೇ ತಿನ್ನುತ್ತಾ ವಾಸ ಮಾಡುತ್ತದೆ. ಕೂದಲಿನ ಬುಡಕ್ಕೂ ಇಳಿಯುತ್ತದೆ. ಆದುದರಿಂದ ನಮ್ಮ ಮದ್ದು ಗೋಡೆಯ ಮೇಲೆ ನಿಂತರೂ ಪ್ರಯೋಜನವಿಲ್ಲ, ಗೋಡೆ ದಾಟಿ ರಕ್ತಕ್ಕೆ ಹೋದರೂ ಪ್ರಯೋಜನವಿಲ್ಲ. ಗೋಡೆಯೊಳಗೆ ಇಳಿಯಬೇಕು, ಅಲ್ಲಿಯೇ ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ದಿನ ನಿಲ್ಲಬೇಕು. ಇಡೀ ವಿದ್ಯೆ ಇರುವುದು ಇದರಲ್ಲೇ.

ದೊಡ್ಡ ಅಣು, ಚಿಕ್ಕ ಅಣು

ಇದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ೧೯೫೦ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ನಿಸ್ಟಾಟಿನ್ ಎಂಬ ಮದ್ದನ್ನು ಪ್ರಕಟಿಸಿದರು. ಅದರಿಂದ ಬಂದ ಒಂದು ಕೋಟಿ ಮೂವತ್ತು ಲಕ್ಷ ಡಾಲರಿಗೂ ಮೀರಿದ ಗೌರವಧನದಲ್ಲಿ ಒಂದು ಕಾಸನ್ನೂ ಅವರು ಮನೆಗೆ ಒಯ್ಯಲಿಲ್ಲ. ಎಲ್ಲವನ್ನೂ ವಿಜ್ಞಾನದ ಸಂಶೋಧನೆಗೆ ಬಿಟ್ಟರು. ನಮ್ಮ ದೇಶದಲ್ಲಿಯೂ ೧೯೫೪ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಸರಕಾರವೇ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಕಾರ್ಖಾನೆಯನ್ನು ಸ್ಥಾಪಿಸಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕಲಿತ ಎಂ. ಜೆ. ತಿರುಮಲಾಚಾರ್ ಅವರು ಅಲ್ಲಿನ ಸಂಗಡಿಗರೊಂದಿಗೆ ೧೯೬೦ರ ದಶಕದ ಆರಂಭದಲ್ಲಿ ಹ್ಯಾಮೈಸಿನ್ ಎಂಬ ಮದ್ದನ್ನು ಕಂಡುಹಿಡಿದರು.

ಇವೆರಡೂ ಬಾಯಿಯ ಬಿಳಿಹುಣ್ಣಿನಂಥ, ಒದ್ದೆ ಚರ್ಮದ ಬೂಷ್ಟಿಗೆ ಉಪಕಾರ ಮಾಡಿದವು. ಆದರೆ ಎರಡೂ ಬಲು ದೊಡ್ಡ ಅಣುಗಳು. ನಿಸ್ಟಾಟಿನ್‌ನ ಅಣುತೂಕ ೯೨೬. ಹ್ಯಾಮೈಸಿನ್‌ನದು ಸಾವಿರಕ್ಕೂ ಮೇಲೆ. ಅಣುತೂಕ ೫೦೦ನ್ನು ದಾಟಿದರೆ ಚರ್ಮದ ಗೋಡೆಯಲ್ಲಿ ನುಸುಳುವುದು ಕಷ್ಟವೆಂದು ಬಾಸ್ ಮತ್ತು ಮೈನಾರ್ಡಿ ಎಂಬ ವಿಜ್ಞಾನಿಗಳು ೨೦೦೦ದಲ್ಲಿ ಹೇಳಿದರು. ಟರ್ಬಿನಾಫಿನ್‌ನ ತೂಕ ೨೯೧, ಕ್ಲೋಟ್ರಿಮಜೋಲ್‌ನದು ೩೪೫. ಇವು ಚಿಕ್ಕವು, ಜಿಡ್ಡಿನಲ್ಲಿ ಕರಗತಕ್ಕವು. ಗಾರೆಯ ಸಂದಿನಲ್ಲಿ ನುಸುಳಲು ಇವಕ್ಕೆ ಸಾಧ್ಯ. ಆದರೆ ಅಷ್ಟರಿಂದಲೇ ಕೆಲಸ ಮುಗಿಯಲಿಲ್ಲ.

ಮದ್ದನ್ನು ಹೊರುವವನು

ಒಂದು ನೂರು ಗ್ರಾಂ ಮುಲಾಮಿನಲ್ಲಿ ಇಂಥ ಮದ್ದು ಸಾಮಾನ್ಯವಾಗಿ ಒಂದೇ ಗ್ರಾಂ. ಉಳಿದ ೯೯ ಗ್ರಾಂ ಎಣ್ಣೆ, ಮೇಣ, ನೀರು, ಮದ್ಯಸಾರ ಮೊದಲಾದವು. ಅವು ಮದ್ದನ್ನು ಹೊತ್ತು ತರುವ ವಾಹಕ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿಗೆ ಸರಿಯಾಗಿ ಸಲ್ಲುತ್ತದೆ. ಮದ್ದಿಗೆ ವಾಹಕದ ಮೇಲೆ ಅತಿ ಮೋಹವಿದ್ದರೆ ಅದು ಮುಲಾಮಿನಲ್ಲೇ ಉಳಿಯುತ್ತದೆ, ಚರ್ಮಕ್ಕೆ ಇಳಿಯುವುದಿಲ್ಲ. ಸರಿಯಾಗಿ ಕರಗದೆ ಹರಳಾಗಿ ನಿಂತರೂ ಇಳಿಯುವುದಿಲ್ಲ; ಕರಗಿದ ಮದ್ದು ಮಾತ್ರ ಚಲಿಸುತ್ತದೆ. ವಾಹಕದ ಈ ಲೆಕ್ಕವನ್ನು ೧೯೬೦ರಲ್ಲಿ ಅಮೆರಿಕದ ಟಾಕೆರು ಹಿಗುಚಿ ಅವರು ಶಾಸ್ತ್ರೀಯವಾಗಿ ಬರೆದಿಟ್ಟರು.

ಇದರ ತಿರುಳು ಸುಲಭ. ಸಂತೆಯ ದಿನ ಮೈದಾನದಲ್ಲಿ ಜನ ಕಿಕ್ಕಿರಿದಷ್ಟೂ ಪಕ್ಕದ ಓಣಿಗೆ ನುಗ್ಗುವವರು ಹೆಚ್ಚು. ಹಾಗೆಯೇ ಚರ್ಮದ ಮೇಲೆ ಕರಗಿದ ಮದ್ದು ದಟ್ಟವಾದಷ್ಟೂ ಒಳಗೆ ನುಗ್ಗುವುದು ಹೆಚ್ಚು. ಇದನ್ನು ಉಪಯೋಗಿಸಿಯೇ ಟರ್ಬಿನಾಫಿನ್‌ನ ಒಂದು ದ್ರಾವಣ ಮಾಡಿದ್ದಾರೆ. ಹಚ್ಚಿದೊಡನೆ ಅದರ ಮದ್ಯಸಾರ ಆರಿಹೋಗಿ ತೆಳುವಾದ ಪೊರೆ ಉಳಿಯುತ್ತದೆ. ಪೊರೆಯಲ್ಲಿ ದಟ್ಟವಾದ ಮದ್ದು ಮೆಲ್ಲಗೆ ಗೋಡೆಗೆ ಇಳಿದು ದಿನಗಟ್ಟಲೆ ಅಲ್ಲಿಯೇ ನಿಲ್ಲುತ್ತದೆ. ಕಾಲ್ಬೆರಳ ಸಂದಿನ ಬೂಷ್ಟಿಗೆ ಅದನ್ನು ಒಂದೇ ಸಲ ಹಚ್ಚುವ ಪದ್ಧತಿ ಉಂಟು.

ಎರಡನೆಯ ದಾರಿ ಗೋಡೆಯನ್ನೇ ಸಡಿಲಿಸುವುದು. ಇದು ಹಳೆಯ ಬುದ್ಧಿ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಲಂಡನ್ನಿನ ಡಾಕ್ಟರ್ ಆರ್ಥರ್ ವಿಟ್‌ಫೀಲ್ಡರು ನೂರಕ್ಕೆ ೬ ಭಾಗ ಬೆಂಜೋಯಿಕ್ ಆಮ್ಲ, ೩ ಭಾಗ ಸ್ಯಾಲಿಸಿಲಿಕ್ ಆಮ್ಲ ಸೇರಿಸಿ ಮುಲಾಮು ಮಾಡಿದರು. ಸ್ಯಾಲಿಸಿಲಿಕ್ ಆಮ್ಲ ಸತ್ತ ಪದರವನ್ನು ಹೊಟ್ಟಿನಂತೆ ಉದುರಿಸುತ್ತದೆ. ಅದರೊಡನೆ ಬೂಷ್ಟೂ ಉದುರುತ್ತದೆ, ಮದ್ದಿಗೆ ದಾರಿಯೂ ಆಗುತ್ತದೆ. ಸ್ವಲ್ಪ ಉರಿಯುತ್ತದೆ, ನಿಜ; ತೊಡೆಸಂದಿನ ತೆಳು ಚರ್ಮಕ್ಕೆ ಒಗ್ಗದು. ಆದರೆ ದೇಶಗಳಿಗೆ ಅವಶ್ಯವಾದ ಔಷಧಿಗಳೆಂದು ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಪಟ್ಟಿಯಲ್ಲಿ ಈ ಹಳೆಯ ಮುಲಾಮಿಗೂ ಹಿಂದೆ ಜಾಗ ದೊರೆತಿತ್ತು. ಹೊಸತೆಲ್ಲ ಮೇಲು, ಹಳೆಯದೆಲ್ಲ ಕೀಳು ಎಂಬ ಅಂಗಡಿಯ ಮಾತನ್ನು ನಂಬಬೇಡಿ. ಈಗಿನ ಮುಲಾಮುಗಳಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಯೂರಿಯಾ ಮುಂತಾದವನ್ನು ಸೇರಿಸುವುದರಲ್ಲಿಯೂ ಮದ್ದಿಗೆ ದಾರಿ ಸುಲಭ ಮಾಡುವ ಉದ್ದೇಶ ಉಂಟು.

ಮೂರನೆಯ ದಾರಿ ಮದ್ದನ್ನು ಸಣ್ಣ ಜಿಡ್ಡಿನ ಗುಳ್ಳೆಗಳಲ್ಲಿ ತುಂಬಿ ಕಳುಹಿಸುವುದು. ಇವಕ್ಕೆ ಲೈಪೊಸೋಮ್ ಎಂದು ಹೆಸರು. ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ೧೯೬೦ರ ದಶಕದಲ್ಲಿ ಇವನ್ನು ವಿವರಿಸಿದರು. ೧೯೮೦ರಲ್ಲಿ ಕೆನಡಾದ ಮೆಜೈ ಮತ್ತು ಗುಲಸೇಖರಂ ಎಂಬವರು ಇಂಥ ಗುಳ್ಳೆಯಲ್ಲಿ ತುಂಬಿದ ಮದ್ದು ಮೇಲುಚರ್ಮದಲ್ಲಿ ಹಲವು ಪಟ್ಟು ಹೆಚ್ಚು ನಿಲ್ಲುವುದನ್ನು ಪ್ರಯೋಗದಲ್ಲಿ ತೋರಿಸಿದರು. ಅಂದಿನಿಂದ ಬೂಷ್ಟಿನ ಮದ್ದುಗಳನ್ನೂ ಹೀಗೆ ತುಂಬುವ ಕೆಲಸ ನಡೆದಿದೆ. ನ್ಯಾನೋ ಎಂಬ ಹೆಸರಿನಲ್ಲಿ ಇನ್ನೂ ಸಣ್ಣ ಕಣಗಳನ್ನು ಮಾಡುತ್ತಿದ್ದಾರೆ. ಒಳ್ಳೆಯ ವಿದ್ಯೆಯೇ ಸರಿ. ಆದರೆ ಗಾಜಿನ ಪಾತ್ರೆಯಲ್ಲಿ ಗೆದ್ದ ಮದ್ದು ಬೆವರುವ ಮೈಮೇಲೂ ಗೆಲ್ಲಬೇಕಷ್ಟೆ. ಪೆಟ್ಟಿಗೆಯ ಮೇಲೆ ನ್ಯಾನೋ ಎಂದು ಅಚ್ಚು ಹಾಕಿ ಬೆಲೆ ಏರಿಸಿದ ಮಾತ್ರಕ್ಕೆ ಮರುಳಾಗಬೇಡಿ.

ಉಗುರಿನ ಸಂಗತಿ ಇನ್ನೂ ಕಠಿಣ. ೨೦೧೪ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಫಿನಕೊನಜೋಲ್ ಎಂಬ ದ್ರಾವಣವನ್ನು ಕಾಲಿನ ಉಗುರಿಗೆ ದಿನವೂ ೪೮ ವಾರ ಹಚ್ಚಿದಾಗ, ಪರೀಕ್ಷೆಯಲ್ಲಿ ಪೂರ್ತಿ ಗುಣವಾದವರು ನೂರಕ್ಕೆ ೧೫ರಿಂದ ೧೮ ಮಂದಿ ಮಾತ್ರ. ಗೋಡೆ ದಪ್ಪವಾದರೆ ಒಳ್ಳೆಯ ಮದ್ದೂ ಎಷ್ಟು ಸೋಲುತ್ತದೆಂಬುದಕ್ಕೆ ಇದೇ ಸಾಕ್ಷಿ.

ನಾನು ಮಾರಿದ ಟ್ಯೂಬು

ಇನ್ನು ನನ್ನ ಸ್ವಂತ ಮಾತು. ಹಲವು ವರ್ಷಗಳ ಹಿಂದೆ ನೂಲುವ ವಿಭಾಗದ ಸಂಗಾತಿಯೊಬ್ಬ ನನ್ನ ಅಂಗಡಿಗೆ ಬಂದು, "ಅಣ್ಣಾ, ತುರಿಕೆ ತಡೆಯಲಾರೆ, ಬೇಗ ನಿಲ್ಲುವಂಥದ್ದು ಏನಾದರೂ ಕೊಡಿ" ಎಂದ. ಬೂಷ್ಟಿನ ಮದ್ದು, ಸ್ಟೀರಾಯ್ಡ್ ಮತ್ತು ಇನ್ನೇನೇನೋ ಬೆರೆಸಿದ ಒಂದು ಟ್ಯೂಬು ಕೊಟ್ಟೆ. ಎರಡೇ ದಿನಕ್ಕೆ ತುರಿಕೆ ನಿಂತಿತು. ಅವನು ನನ್ನನ್ನು ಹೊಗಳಿದ. ಮುಂದಿನ ತಿಂಗಳು ಮತ್ತೆ ಬಂದ; ಮತ್ತೆ ಅದನ್ನೇ ಕೊಟ್ಟೆ. ಮೂರನೆಯ ತಿಂಗಳಿಗೆ ಹೆಂಡತಿಗೆ, ಮಗುವಿಗೆ ಹತ್ತಿತ್ತು. ವರ್ಷ ತುಂಬುವುದರೊಳಗೆ ಅವನ ತೊಡೆಯ ಚರ್ಮ ತೆಳುವಾಗಿ, ಹರಿದಂತೆ ಉದ್ದುದ್ದ ಗೆರೆಗಳು ಬಿದ್ದಿದ್ದವು.

ಇದರ ಕಾರಣ ಕೇಳಿ. ಸ್ಟೀರಾಯ್ಡ್ ಗೋಡೆ ದಾಟುವುದರಲ್ಲಿ ಬಲು ನಿಪುಣ. ಅದೂ ತೊಡೆಸಂದಿನ ಕಡೆಯ ಚರ್ಮ ಬಹಳ ಹೀರುತ್ತದೆ. ಮುಂಗೈಗಿಂತ ವೃಷಣದ ಚರ್ಮ ಹೈಡ್ರೊಕಾರ್ಟಿಸೋನನ್ನು ೪೨ ಪಟ್ಟು ಹೆಚ್ಚು ಹೀರಿತೆಂದು ೧೯೬೭ರಲ್ಲಿ ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಅಳೆದು ತೋರಿಸಿದ್ದಾರೆ. ಒಳಗೆ ಹೋದ ಸ್ಟೀರಾಯ್ಡ್ ಬೂಷ್ಟನ್ನು ಕೊಲ್ಲುವುದಿಲ್ಲ. ಬೂಷ್ಟಿನ ಮೇಲೆ ಕಾದಾಡುತ್ತಿದ್ದ ದೇಹದ ಕಾವಲುಗಾರರನ್ನು ಮನೆಗೆ ಕಳುಹಿಸುತ್ತದೆ. ಕೆಂಪು, ತುರಿಕೆ ಎಂಬುದೆಲ್ಲ ಆ ಕಾದಾಟದ ಗದ್ದಲ. ಗದ್ದಲ ನಿಂತಿತೆಂದು ನಾವು ಹಿಗ್ಗುತ್ತೇವೆ. ಕಳ್ಳ ಹಾಯಾಗಿ ಹರಡಿಕೊಳ್ಳುತ್ತಾನೆ. ೧೯೬೮ರಲ್ಲಿಯೇ ಬ್ರಿಟನ್ನಿನ ಇಬ್ಬರು ವೈದ್ಯರು ಇದಕ್ಕೆ ಮಾರುವೇಷದ ಹುಳುಕಡ್ಡಿ ಎಂಬ ಅರ್ಥದ ಹೆಸರಿಟ್ಟಿದ್ದರು.

ನನಗೆ ತಿಳಿಯದೆ ಮಾರಿದೆ ಎನ್ನಲೇ? ಅರ್ಧ ತಿಳಿದಿತ್ತು. ಗಿರಾಕಿ ಸಂತೋಷಪಡುತ್ತಿದ್ದ, ಟ್ಯೂಬು ಬೇಗ ಖರ್ಚಾಗುತ್ತಿತ್ತು, ಲಾಭ ಚೆನ್ನಾಗಿತ್ತು. ಆ ಸಂಗಾತಿ ಇಂದೂ ನನ್ನ ಅಂಗಡಿಗೆ ಬರುತ್ತಾನೆ. ಒಂದು ದಿನವೂ ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತೊಡೆಯ ಗೆರೆಗಳು ಮಾತ್ರ ಹೋಗಿಲ್ಲ. ನಾನಿಂದು ಇಲ್ಲಿ ನಿಂತಿರುವ ಇನ್ನೊಂದು ಕಾರಣ ಇದೇ.

೨೦೧೮ರ ಮಾರ್ಚಿಯಲ್ಲಿ ಕೇಂದ್ರ ಸರಕಾರ ೧೪ ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕಟ್ಟು ಮಾಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ೩೨೮ ಬೆರಕೆ ಔಷಧಿಗಳನ್ನು ನಿಷೇಧಿಸಿದಾಗ ಇಂಥ ಕೆಲವು ಮುಲಾಮುಗಳೂ ಅದರಲ್ಲಿದ್ದವು. ಆದರೆ ಕಾಗದದ ಮೇಲಿನ ಕಟ್ಟು ಅಂಗಡಿಯ ಕಟ್ಟಾಗಬೇಕಾದರೆ ಮಾರುವವನಿಗೂ ಕೊಳ್ಳುವವನಿಗೂ ತಿಳಿವಳಿಕೆ ಬೇಕು.

ಬೆರಳ ತುದಿಯ ಲೆಕ್ಕ

ಇನ್ನೊಂದು ಮುಖ್ಯ ಮಾತು. ಮದ್ದು ಗೋಡೆಯೊಳಗೆ ಸಾಕಷ್ಟು ಸೇರಬೇಕಾದರೆ ಮೊದಲು ಗೋಡೆಯ ಮೇಲೆ ಸಾಕಷ್ಟು ಹಚ್ಚಬೇಕು. ೧೯೯೧ರಲ್ಲಿ ವೇಲ್ಸಿನ ಕಾರ್ಡಿಫ್‌ನ ವೈದ್ಯರು ಸುಲಭವಾದ ಒಂದು ಅಳತೆ ಹೇಳಿದರು. ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು.

ಈಗ ಲೆಕ್ಕ ಹಾಕಿ. ಎರಡು ತೊಡೆಸಂದು, ಸೊಂಟದ ಸುತ್ತ ಸೇರಿ ಎಂಟು ಅಂಗೈಯಷ್ಟು ಜಾಗಕ್ಕೆ ಹಬ್ಬಿದೆಯೆನ್ನಿ. ಒಂದು ಸಲಕ್ಕೆ ೨ ಗ್ರಾಂ. ದಿನಕ್ಕೆ ಎರಡು ಸಲ ಹಚ್ಚುವ ಮುಲಾಮಾದರೆ ೪ ಗ್ರಾಂ. ಹತ್ತು ಗ್ರಾಮಿನ ಟ್ಯೂಬು ಎರಡೂವರೆ ದಿನಕ್ಕೆ ಮುಗಿಯಿತು! ನಾಲ್ಕು ವಾರಕ್ಕೆ ಬೇಕಾದುದು ೧೧೨ ಗ್ರಾಂ, ಅಂದರೆ ಹನ್ನೊಂದು ಟ್ಯೂಬಿಗೂ ಮೇಲೆ. ದಿನಕ್ಕೆ ಒಂದೇ ಸಲದ ಮದ್ದಾದರೂ ಅದರ ಅರ್ಧ ಬೇಕು. ನಮ್ಮ ಸಂಗಾತಿ ಏನು ಮಾಡುತ್ತಾನೆ? ಒಂದು ಟ್ಯೂಬು ಕೊಂಡು ತಿಂಗಳು ತಳ್ಳುತ್ತಾನೆ, ಅದರಲ್ಲೇ ಹೆಂಡತಿ ಮಕ್ಕಳಿಗೂ ಪಾಲು. ಅವನದು ಅಜ್ಞಾನವಲ್ಲ, ಬಡತನ. ಆದರೆ ಬೂಷ್ಟಿಗೆ ಬಡತನದ ಮೇಲೆ ಕರುಣೆಯಿಲ್ಲ. ಅರೆಹೊಟ್ಟೆ ಮದ್ದಿನಲ್ಲಿ ಮೆತ್ತನೆಯದು ಸತ್ತು ಗಟ್ಟಿಯದು ಉಳಿಯುತ್ತದೆ. ಟರ್ಬಿನಾಫಿನ್ನಿಗೂ ಬಗ್ಗದ ತಳಿಗಳಿರುವ ಒಂದು ಬೂಷ್ಟು ನಮ್ಮ ದೇಶದಲ್ಲಿ ಹಬ್ಬಿದೆ. ೨೦೨೦ರಲ್ಲಿ ಜಪಾನಿನ ಸಂಶೋಧಕರು ಅದಕ್ಕೆ ಭಾರತದ ಹೆಸರನ್ನೇ ಸೇರಿಸಿ ಟ್ರೈಕೊಫೈಟಾನ್ ಇಂಡೊಟಿನಿಯೇ ಎಂದು ಕರೆದರು. ಅದು ಇತರ ದೇಶಗಳಲ್ಲಿಯೂ ಕಂಡುಬಂದಿದೆ. ಇದು ನಾವು ಹೆಮ್ಮೆಪಡುವ ರಫ್ತಲ್ಲ.

ಏನು ಮಾಡಬೇಕು?

ಮನೆಯಲ್ಲಿ ಮಾಡತಕ್ಕದ್ದು ಹೀಗೆ. ಮೈ ತೊಳೆದು ಚೆನ್ನಾಗಿ ಒರೆಸಿ, ಆರಿದ ಮೇಲೆ ಹಚ್ಚಿ. ಕಲೆಯ ಅಂಚಿನಾಚೆ ಒಂದು ಬೆರಳಗಲ ಹೆಚ್ಚಾಗಿಯೇ ಹಚ್ಚಿ. ಬೂಷ್ಟು ಹೊರಕ್ಕೆ ಹಬ್ಬುತ್ತಿರುತ್ತದೆ. ತುರಿಕೆ ನಿಂತಿತೆಂದು ಬಿಡಬೇಡಿ. ಕಲೆ ಮಾಯವಾದ ಮೇಲೂ ಎರಡು ವಾರ ಹಚ್ಚಿ, ಸತ್ತ ಪದರ ಪೂರ್ತಿ ಉದುರಿ ಹೊಸದು ಬರಲು ಅಷ್ಟು ದಿನ ಬೇಕು. ಟವೆಲು, ಒಳಬಟ್ಟೆ ಬೇರೆಬೇರೆ ಇರಲಿ. ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮನೆಯಲ್ಲಿ ಯಾರಿಗೆ ಹತ್ತಿದೆಯೋ ಅವರೆಲ್ಲರೂ ಒಟ್ಟಿಗೆ ಚಿಕಿತ್ಸೆ ಮಾಡಿಸಿ. ಮೈತುಂಬ ಹಬ್ಬಿದ್ದರೆ, ತಲೆಗೆ ಉಗುರಿಗೆ ಹತ್ತಿದ್ದರೆ, ಮುಲಾಮನ್ನು ನಂಬಿ ಕೂಡದೆ ಚರ್ಮವೈದ್ಯರಲ್ಲಿ ಹೋಗಿ, ಗುಳಿಗೆ ಬೇಕಾಗುತ್ತದೆ.

ಸಂಘವು ಕೇಳತಕ್ಕದ್ದೂ ಉಂಟು. ಕೈಕಾಲು ತೊಳೆಯುವ ಏರ್ಪಾಡು, ಒದ್ದೆ ಬಟ್ಟೆ ಒಣಗಿಸುವ ಜಾಗ ಇವು ೧೯೪೮ರ ಕಾರ್ಖಾನೆ ಕಾಯಿದೆಯ ೪೨ ಮತ್ತು ೪೩ನೆಯ ಕಲಮುಗಳಲ್ಲೇ ಬರೆದಿದ್ದ ಮಾತು; ೨೦೨೦ರ ಸಂಹಿತೆಯಲ್ಲಿಯೂ ಬಂದಿದೆ. ಇದು ಮಾಲೀಕರ ದಾನವಲ್ಲ, ನಮ್ಮ ಹಕ್ಕು. ಇ.ಎಸ್.ಐ. ಔಷಧಾಲಯವಾಗಲಿ, ಸರಕಾರಿ ಆಸ್ಪತ್ರೆಯಾಗಲಿ, ಮುಲಾಮನ್ನು ರೋಗ ಹಬ್ಬಿದ ಜಾಗದ ಲೆಕ್ಕ ಹಾಕಿ ಪೂರ್ತಿ ಅವಧಿಗೆ ಕೊಡಬೇಕೆಂದು ಕೇಳಿ. ದೊಡ್ಡ ಡಬ್ಬಿಗಳಲ್ಲಿ, ಕಂಪೆನಿ ಹೆಸರಿನ ಬದಲು ಮದ್ದಿನ ಹೆಸರಿನಲ್ಲಿ, ಅಗ್ಗದ ದರಕ್ಕೆ ಸಿಗುವಂತೆ ಮಾಡಿ ಎಂದು ಕೇಳಿ.

ನನ್ನ ವ್ಯಾಪಾರಿ ಬಂಧುಗಳಲ್ಲಿ ಒಂದೇ ವಿನಂತಿ. ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಬೆರೆಸಿದ ಟ್ಯೂಬನ್ನು ನಾನು ಕೊಡುವುದಿಲ್ಲವೆಂದು ಅಂಗಡಿಯಲ್ಲಿ ಬೋರ್ಡು ಹಾಕಿದ್ದೇನೆ. ಕೆಲವು ಗಿರಾಕಿಗಳು ಮುನಿಸಿಕೊಂಡು ಪಕ್ಕದ ಅಂಗಡಿಗೆ ಹೋದರು. ಪಕ್ಕದ ಅಂಗಡಿಯವರೂ ಹಾಗೆಯೇ ಬೋರ್ಡು ಹಾಕಿದರೆ ಆ ಗಿರಾಕಿ ವೈದ್ಯರಲ್ಲಿಗೆ ಹೋಗುತ್ತಾನೆ. ಒಬ್ಬನು ಮಾಡಿದರೆ ನಷ್ಟ. ಎಲ್ಲರೂ ಕೂಡಿ ಮಾಡಿದರೆ ಯಾರಿಗೂ ನಷ್ಟವಿಲ್ಲ. ಸಂಘಟನೆಯೆಂದರೆ ಏನೆಂದು ಗಿರಣಿಯ ಸಂಗಾತಿಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ. ನಾವು ವ್ಯಾಪಾರಿಗಳೇ ಅವರಿಂದ ಕಲಿಯಬೇಕು.